ಅನುಮತಿಯ ಮೇಲೆ ನಿಂತ ಬದುಕು: ಕರ್ನಾಟಕದ ಟಿಬೆಟನ್ನರು ಮತ್ತು ವಿದೇಶಿಯರ ಕಾನೂನು



ಬೈಲಕುಪ್ಪೆಯ ಒಂದು ಮನೆಯನ್ನು ಊಹಿಸಿಕೊಳ್ಳಿ. ತಂದೆ ತಾಯಿ ಟಿಬೆಟಿನಿಂದ ಹಿಮಾಲಯ ದಾಟಿ ನಡೆದು ಬಂದವರು. ಮಗ ಹುಟ್ಟಿದ್ದು 1986ರಲ್ಲಿ, ಮಗಳು 1988ರಲ್ಲಿ. ಇಬ್ಬರೂ ಒಂದೇ ಶಾಲೆಯಲ್ಲಿ ಕಲಿತರು, ಕುಶಾಲನಗರದ ಸಂತೆಯಲ್ಲಿ ಕನ್ನಡದಲ್ಲೇ ಚೌಕಾಸಿ ಮಾಡಿದರು. ನಮ್ಮ ಪೌರತ್ವ ಕಾಯ್ದೆಯ ಪ್ರಕಾರ ಅಣ್ಣ ಹುಟ್ಟಿನಿಂದಲೇ ಭಾರತದ ಪ್ರಜೆ. ತಂಗಿ ವಿದೇಶಿ. ಇಬ್ಬರ ನಡುವೆ ಇರುವುದು ಒಂದು ತಾರೀಖು: 1987ರ ಜುಲೈ 1.

ಆ ತಾರೀಖು ಎಲ್ಲಿಂದ ಬಂತು ಎಂದು ಹೇಳಿ ಮುಂದೆ ಹೋಗುತ್ತೇನೆ. 1955ರ ಪೌರತ್ವ ಕಾಯ್ದೆಯ ಮೂರನೆಯ ಕಲಂ ಉದಾರವಾಗಿತ್ತು. 1950ರ ಜನವರಿ 26ರ ನಂತರ ಈ ನೆಲದ ಮೇಲೆ ಹುಟ್ಟಿದ ಮಗು, ರಾಯಭಾರಿಗಳ ಮಕ್ಕಳಂಥ ಒಂದೆರಡು ಅಪವಾದ ಬಿಟ್ಟರೆ, ಭಾರತದ ಪ್ರಜೆ. ತಂದೆ ಯಾರು, ತಾಯಿ ಯಾರು ಎಂದು ಕಾನೂನು ಕೇಳುತ್ತಿರಲಿಲ್ಲ. ವಲಸಿಗರ ವಿರುದ್ಧ ಅಸ್ಸಾಂ ಚಳವಳಿ ನಡೆಯಿತು, 1985ರಲ್ಲಿ ಒಪ್ಪಂದವಾಯಿತು. ಬಾಂಗ್ಲಾದೇಶದಿಂದ, ಶ್ರೀಲಂಕಾದಿಂದ ಬರುವವರ ಬಗ್ಗೆ ದೆಹಲಿಯಲ್ಲಿ ಆತಂಕ ಬೆಳೆಯಿತು. 1986ರ ತಿದ್ದುಪಡಿ ಬಂದು, ತಂದೆ ತಾಯಿಯರಲ್ಲಿ ಒಬ್ಬರಾದರೂ ಪ್ರಜೆಯಾಗಿರಬೇಕು ಎಂದಿತು. 2003ರ ತಿದ್ದುಪಡಿ ಇನ್ನೂ ಬಿಗಿ ಮಾಡಿತು. 2004ರ ಡಿಸೆಂಬರ್ 3ರಿಂದ ಈಚೆಗೆ ಹುಟ್ಟಿದ ಮಗುವಿಗೆ ಇಬ್ಬರೂ ಪ್ರಜೆಗಳಾಗಿರಬೇಕು, ಇಲ್ಲವೇ ಒಬ್ಬರು ಪ್ರಜೆಯಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಬ್ರಹ್ಮಪುತ್ರದ ಕಡೆಯ ಆತಂಕಕ್ಕೆ ಬರೆದ ನಿಯಮ ಹೀಗೆ ಕಾವೇರಿ ದಡದ ತೊಟ್ಟಿಲಿಗೂ ಬಂದು ತಾಗಿತು. ಬೈಲಕುಪ್ಪೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಆ ನಿಯಮವನ್ನು ಯಾರೂ ಬರೆದಿರಲಿಲ್ಲ.

ವಿದೇಶಿಯರ ಕಾನೂನು ಎಂದ ಕೂಡಲೇ ನಮಗೆ ನೆನಪಾಗುವುದು ವಿಮಾನ ನಿಲ್ದಾಣ, ವೀಸಾ, ಅಮೆರಿಕದಲ್ಲಿರುವ ನಮ್ಮ ಮಕ್ಕಳು. ಆ ಕಾನೂನಿನ ಇನ್ನೊಂದು ತುದಿ ನಮ್ಮ ಜಿಲ್ಲೆಗಳಲ್ಲೇ ಇದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಎರಡು ವಸಾಹತುಗಳು, ಉತ್ತರ ಕನ್ನಡದ ಮುಂಡಗೋಡಿನಲ್ಲಿ ಒಂದು, ಹುಣಸೂರಿನ ಗುರುಪುರದಲ್ಲಿ ಒಂದು, ಕೊಳ್ಳೇಗಾಲದ ಕಡೆ ಒಡೆಯರಪಾಳ್ಯದಲ್ಲಿ ಒಂದು, ಒಟ್ಟು ಐದು. ಕೇಂದ್ರ ಗೃಹ ಸಚಿವಾಲಯ ಕೆಲವು ವರ್ಷಗಳ ಹಿಂದೆ ಕೊಟ್ಟ ಲೆಕ್ಕದಂತೆ ಕರ್ನಾಟಕದಲ್ಲಿರುವ ಟಿಬೆಟನ್ನರು ಸುಮಾರು 21 ಸಾವಿರ. ಬೇರೆ ಯಾವ ರಾಜ್ಯದಲ್ಲೂ ಇಷ್ಟು ಮಂದಿ ಇಲ್ಲ. ಧರ್ಮಶಾಲಾದ ಹೆಸರು ದೊಡ್ಡದು, ಆದರೆ ಜನ ಹೆಚ್ಚಾಗಿ ಬೇರುಬಿಟ್ಟದ್ದು ನಮ್ಮಲ್ಲಿ.

1959ರ ಮಾರ್ಚ್‌ನಲ್ಲಿ ಲ್ಹಾಸಾದ ದಂಗೆಯ ನಂತರ ದಲೈ ಲಾಮಾ ಭಾರತಕ್ಕೆ ಬಂದರು, ಅವರ ಹಿಂದೆ ಸುಮಾರು 80 ಸಾವಿರ ಜನ. ಅವರಿಗೆ ನೆಲೆ ಕೊಡಿ ಎಂದು ನೆಹರೂ ರಾಜ್ಯಗಳನ್ನು ಕೇಳಿದರು. ದೊಡ್ಡ ಪ್ರಮಾಣದಲ್ಲಿ ಭೂಮಿ ಕೊಟ್ಟ ರಾಜ್ಯ ಅಂದಿನ ಮೈಸೂರು. 1960ರಲ್ಲಿ ಬೈಲಕುಪ್ಪೆಯ ಕಾಡನ್ನು ಕಡಿದು ಮೊದಲ ವಸಾಹತು ಎದ್ದಿತು. ಮುಂಡಗೋಡಿನದು 1966ರಲ್ಲಿ, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ. ನಿಜಲಿಂಗಪ್ಪನವರ ಹೆಸರನ್ನು ದಲೈ ಲಾಮಾ ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. 2018ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂದು, ಕರ್ನಾಟಕಕ್ಕೆ ಧನ್ಯವಾದ ಹೇಳಲೆಂದೇ ಏರ್ಪಟ್ಟ ಸಭೆಯಲ್ಲಿ ಭಾಗವಹಿಸಿದರು. ಚಳಿಯ ನಾಡಿನವರು ಆನೆ, ಜ್ವರ, ಸೆಕೆಗಳ ನಡುವೆ ಮುಸುಕಿನ ಜೋಳ ಬೆಳೆದರು. ಸೆರಾ ಮಠ ಬೈಲಕುಪ್ಪೆಯಲ್ಲಿ, ದ್ರೆಪುಂಗ್ ಮತ್ತು ಗಂದೆನ್ ಮಠಗಳು ಮುಂಡಗೋಡಿನಲ್ಲಿ ಮತ್ತೆ ತಲೆಯೆತ್ತಿದವು. ನಮ್ಮ ರಾಜ್ಯದ ಚರಿತ್ರೆಯಲ್ಲಿ ಹೆಮ್ಮೆಪಡುವ ಪುಟಗಳಲ್ಲಿ ಇದು ಒಂದು. ನಾನು ಇಂದು ಹೇಳುವ ಯಾವ ಮಾತೂ ಆ ಹೆಮ್ಮೆಯನ್ನು ಕಡಿಮೆ ಮಾಡಲು ಅಲ್ಲ.

ಭೂಮಿ ಕೊಟ್ಟೆವು, ಶಾಲೆ ಕೊಟ್ಟೆವು, ಆಸ್ಪತ್ರೆ ಕೊಟ್ಟೆವು. ಕಾನೂನಿನಲ್ಲಿ ಒಂದು ಸ್ಥಾನ ಮಾತ್ರ ಕೊಡಲಿಲ್ಲ. ಭಾರತ 1951ರ ನಿರಾಶ್ರಿತರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಿಲ್ಲ, 1967ರ ಅದರ ಪೂರಕ ಒಪ್ಪಂದಕ್ಕೂ ಇಲ್ಲ. ನಿರಾಶ್ರಿತರಿಗೆಂದೇ ಒಂದು ದೇಶೀಯ ಕಾನೂನೂ ನಮ್ಮಲ್ಲಿಲ್ಲ. ಹೀಗಾಗಿ ಅರವತ್ತು ವರ್ಷ ಇಲ್ಲಿ ಉತ್ತು ಬಿತ್ತಿದ ರೈತನೂ, ಹಂಪಿ ನೋಡಲು ಬಂದ ಪ್ರವಾಸಿಯೂ ಶಾಸನದ ಮುಂದೆ ಒಂದೇ ವರ್ಗ. 1939ರ ವಿದೇಶಿಯರ ನೋಂದಣಿ ಕಾಯ್ದೆ ಮತ್ತು 1946ರ ವಿದೇಶಿಯರ ಕಾಯ್ದೆ ಇಬ್ಬರಿಗೂ ಅನ್ವಯವಾಗುತ್ತಿದ್ದವು. ಎರಡೂ ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ ಬರೆದವು.

ವಿದೇಶಿಗೆ ನಮ್ಮ ಸಂವಿಧಾನ ಏನು ಕೊಡುತ್ತದೆ? ಕಾನೂನಿನ ಮುಂದೆ ಸಮಾನತೆ ಕೊಡುವ 14ನೆಯ ವಿಧಿ, ಜೀವ ಮತ್ತು ಸ್ವಾತಂತ್ರ್ಯ ಕಾಯುವ 21ನೆಯ ವಿಧಿ ಎಲ್ಲ ವ್ಯಕ್ತಿಗಳಿಗೂ ಸಲ್ಲುತ್ತವೆ. 1996ರಲ್ಲಿ ಅರುಣಾಚಲದ ಚಕ್ಮಾ ನಿರಾಶ್ರಿತರನ್ನು ಬಲವಂತವಾಗಿ ಓಡಿಸುವ ಬೆದರಿಕೆ ಬಂದಾಗ ಸುಪ್ರೀಂ ಕೋರ್ಟ್ ಅವರ ರಕ್ಷಣೆಗೆ ನಿಂತದ್ದು ಈ 21ನೆಯ ವಿಧಿಯ ಬಲದಿಂದ. ಆದರೆ ದೇಶದಲ್ಲಿ ನೆಲೆಸುವ, ಓಡಾಡುವ, ವೃತ್ತಿ ನಡೆಸುವ ಹಕ್ಕು ಹೇಳುವ 19ನೆಯ ವಿಧಿ ಪ್ರಜೆಗಳಿಗೆ ಮಾತ್ರ. 1955ರ ಹಾನ್ಸ್ ಮುಲ್ಲರ್ ಪ್ರಕರಣದಲ್ಲಿ, ವಿದೇಶಿಯನ್ನು ಹೊರಹಾಕುವ ಸರ್ಕಾರದ ಅಧಿಕಾರಕ್ಕೆ ಎಲ್ಲೆಯಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪಿನ ನೆರಳು ಇಂದಿಗೂ ಈ ಕ್ಷೇತ್ರದ ಮೇಲಿದೆ.

ನನ್ನನ್ನು ಬಹಳ ಕಾಡಿದ ಪ್ರಕರಣ ಲೂಯಿ ಡಿ ರೇಡ್ ಅವರದು. ಬೆಲ್ಜಿಯಂನ ಮಿಷನರಿಯಾದ ಅವರು 1937ರಲ್ಲಿ ಭಾರತಕ್ಕೆ ಬಂದವರು. ಐವತ್ತು ವರ್ಷ ಇಲ್ಲೇ ಇದ್ದರು. 1987ರಲ್ಲಿ ಅವರ ವಾಸದ ಅವಧಿಯನ್ನು ಮುಂದುವರಿಸಲು ಸರ್ಕಾರ ಒಪ್ಪಲಿಲ್ಲ. ಸಂವಿಧಾನ ಜಾರಿಗೆ ಬರುವ ಹೊತ್ತಿಗೇ ನಾನು ಇಲ್ಲಿಯವನಾಗಿದ್ದೆ ಎಂದು ಅವರು ಸುಪ್ರೀಂ ಕೋರ್ಟಿನಲ್ಲಿ ವಾದಿಸಿದರು. 1991ರಲ್ಲಿ ಅರ್ಜಿ ವಜಾ ಆಯಿತು. ವಿದೇಶಿ ಪಾಸ್‌ಪೋರ್ಟಿನ ಮೇಲೆ, ಅನುಮತಿ ಪಡೆದು ಉಳಿದದ್ದೇ ಅವರಿಗೆ ವಿರುದ್ಧವಾಗಿ ನಿಂತಿತು. ಇಲ್ಲೇ ನೆಲೆಸುವ ಉದ್ದೇಶವಿತ್ತೆಂಬುದು ಸಾಬೀತಾಗಲಿಲ್ಲ ಎಂದಾಯಿತು. ನಿಯಮವನ್ನು ಪಾಲಿಸಿ ಪಡೆದ ಪ್ರತಿಯೊಂದು ಅನುಮತಿಯೂ ನೀನು ಹೊರಗಿನವನು ಎಂಬುದಕ್ಕೆ ಇನ್ನೊಂದು ಸಾಕ್ಷ್ಯವಾಗುತ್ತದೆ. ಈ ಕಾನೂನಿನ ನಿಜವಾದ ಕಾಠಿಣ್ಯ ಇಲ್ಲಿದೆ.

ಕ್ಯಾಂಪಿನ ದಿನನಿತ್ಯದ ಕಾಗದಗಳಿಗೆ ಬರೋಣ. ಬೈಲಕುಪ್ಪೆಯಲ್ಲಾಗಲಿ ಮುಂಡಗೋಡಿನಲ್ಲಾಗಲಿ ಸುತ್ತಲಿನ ಜನ ವಸಾಹತನ್ನು ಕ್ಯಾಂಪ್ ಎಂದೇ ಕರೆಯುತ್ತಾರೆ. ಅಲ್ಲಿ ಬದುಕನ್ನು ನಡೆಸುವ ಕಾಗದಗಳು ಮೂರು. ಮೊದಲನೆಯದು ಆರ್‌ಸಿ, ಅಂದರೆ ನೋಂದಣಿ ಪ್ರಮಾಣಪತ್ರ. ಜಿಲ್ಲೆಯಲ್ಲಿ ವಿದೇಶಿಯರ ನೋಂದಣಿ ಅಧಿಕಾರಿ ಪೊಲೀಸ್ ವರಿಷ್ಠಾಧಿಕಾರಿಯೇ ಆಗಿರುತ್ತಾರೆ. ಹುಡುಗನಿಗೋ ಹುಡುಗಿಗೋ 16 ತುಂಬಿದಾಗ ಜನನ ಪ್ರಮಾಣಪತ್ರ, ತಂದೆ ತಾಯಿಯ ಆರ್‌ಸಿ, ಸೆಟಲ್‌ಮೆಂಟ್ ಆಫೀಸಿನ ಶಿಫಾರಸು ಹಿಡಿದು ಹೋಗಬೇಕು. ನಮ್ಮ ಮಕ್ಕಳು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಕಾಯುವ ವಯಸ್ಸಿನಲ್ಲಿ ಅವರ ಮಕ್ಕಳು ಹುಟ್ಟಿದ ಊರಿನಲ್ಲೇ ತಾವು ವಿದೇಶಿಯರೆಂದು ನೋಂದಾಯಿಸಿಕೊಳ್ಳುತ್ತಾರೆ. ಹಿಂದೆ ವರ್ಷಕ್ಕೊಮ್ಮೆ ನವೀಕರಣವಾಗಬೇಕಿತ್ತು. ಈಗ ಇಲ್ಲೇ ಹುಟ್ಟಿದವರಿಗೆ, ದೀರ್ಘಕಾಲದಿಂದ ಇರುವವರಿಗೆ ಐದು ವರ್ಷಕ್ಕೊಮ್ಮೆ. ಇದು ದೊಡ್ಡ ಉಪಕಾರವೇ. ಆದರೂ ಬ್ಯಾಂಕ್ ಖಾತೆ, ಸಿಮ್ ಕಾರ್ಡ್, ಕಾಲೇಜು ಪ್ರವೇಶ ಎಲ್ಲಕ್ಕೂ ಬುಡ ಆ ಪತ್ರವೇ ಆದ್ದರಿಂದ ನವೀಕರಣ ತಡವಾದರೆ ಬದುಕೆಲ್ಲ ತಡವಾಗುತ್ತದೆ. ಬೇರೆಡೆ ದೀರ್ಘಕಾಲ ಉಳಿಯುವುದಾದರೆ ತಿಳಿಸಿ ಹೋಗಬೇಕು. ಚಳಿಗಾಲದಲ್ಲಿ ಊರೂರಿನ ಬೀದಿಗಳಲ್ಲಿ ಸ್ವೆಟರ್ ಮಾರುವ ಕುಟುಂಬಗಳಿಗೆ ವ್ಯಾಪಾರದ ತಯಾರಿಯ ಜೊತೆಗೆ ಈ ಕಾಗದದ ತಯಾರಿಯೂ ಇರುತ್ತದೆ.

ಎರಡನೆಯದು ಐಸಿ. ಹಳದಿ ಪುಸ್ತಕ ಎಂದು ಹೆಸರಾಗಿರುವ ಗುರುತಿನ ಪ್ರಮಾಣಪತ್ರ ಇದು. ಪಾಸ್‌ಪೋರ್ಟ್ ಇಲ್ಲದವರಿಗೆ ಹೊರದೇಶಕ್ಕೆ ಹೋಗಲು ಭಾರತ ಸರ್ಕಾರ ಕೊಡುವ ದಾಖಲೆ. ಅರ್ಜಿ ದೇಶಭ್ರಷ್ಟ ಟಿಬೆಟನ್ ಆಡಳಿತದ ದೆಹಲಿ ಕಚೇರಿಯ ಮೂಲಕ ಹೋಗುತ್ತದೆ, ಪೊಲೀಸ್ ಪರಿಶೀಲನೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಹಲವು ದೇಶಗಳ ವಿಮಾನ ನಿಲ್ದಾಣಗಳಲ್ಲಿ ಈ ಪುಸ್ತಕವನ್ನು ಗುರುತಿಸುವ ಅಧಿಕಾರಿಗಳೇ ವಿರಳ. ಹೊರಗೆ ಹೋಗುವುದು ಒಂದು ಕಷ್ಟ, ಮರಳಿ ಬರಲು ಭಾರತದ ಆಕ್ಷೇಪವಿಲ್ಲ ಎಂಬ ಮೊಹರು ಇನ್ನೊಂದು ಕಷ್ಟ. ಮೂರನೆಯದು ಹಸಿರು ಪುಸ್ತಕ. ಇದನ್ನು ಕೊಡುವುದು ಧರ್ಮಶಾಲಾದ ಟಿಬೆಟನ್ ಆಡಳಿತ. ಪ್ರತಿವರ್ಷ ಸ್ವಇಚ್ಛೆಯ ಒಂದು ಸಣ್ಣ ಕಾಣಿಕೆ ಕಟ್ಟಿ ಅದರಲ್ಲಿ ದಾಖಲಿಸಿಕೊಳ್ಳುತ್ತಾರೆ. ದೇಶಭ್ರಷ್ಟ ಸಂಸತ್ತಿನ ಚುನಾವಣೆಯಲ್ಲಿ ಮತ ಹಾಕಲು ಅದು ಬೇಕು. ಯಾವ ರಾಷ್ಟ್ರವೂ ಮಾನ್ಯ ಮಾಡದ ಒಂದು ಸರ್ಕಾರಕ್ಕೆ ಜನ ತಾವಾಗಿಯೇ ಕಟ್ಟುವ ಈ ತೆರಿಗೆಯನ್ನು ಕಂಡು ನನಗೆ ಗೌರವ ಮೂಡಿದೆ.

ಹೆಸರುಗಳ ತೊಂದರೆಯನ್ನು ಇಲ್ಲಿ ಹೇಳದೆ ಇರಲಾರೆ, ಏಕೆಂದರೆ ವಕೀಲರ ಬಳಿಗೆ ಬರುವ ತಂಟೆಗಳಲ್ಲಿ ಅರ್ಧ ಇದರಿಂದಲೇ. ಬಹಳಷ್ಟು ಟಿಬೆಟನ್ನರಿಗೆ ಮನೆತನದ ಹೆಸರಿಲ್ಲ. ಲಾಮಾ ಇಟ್ಟ ಎರಡು ಹೆಸರುಗಳೇ ಪೂರ್ತಿ ಹೆಸರು. ದಲೈ ಲಾಮಾ ಅವರ ಹೆಸರಿನಿಂದ ಬಂದ ತೆನ್ಜಿನ್ ಎಂಬುದು ಒಂದು ತರಗತಿಯಲ್ಲಿ ಹತ್ತಾರು ಮಕ್ಕಳಿಗೆ ಇರಬಹುದು. ಅರ್ಜಿಯಲ್ಲಿ ಉಪನಾಮದ ಜಾಗಕ್ಕೆ ಏನು ಬರೆಯುವುದು? ಒಂದು ಕಚೇರಿ ಎರಡನೆಯ ಹೆಸರನ್ನು ಅಲ್ಲಿ ತುಂಬುತ್ತದೆ, ಇನ್ನೊಂದು ಖಾಲಿ ಬಿಡುತ್ತದೆ. ಡೋಲ್ಮಾ ಒಂದು ಕಾಗದದಲ್ಲಿ ದ್ರೋಲ್ಮಾ ಆಗುತ್ತಾಳೆ, ತ್ಸೆರಿಂಗ್ ಇನ್ನೊಂದರಲ್ಲಿ ಚೆರಿಂಗ್ ಆಗುತ್ತಾನೆ. ಹಳೆಯ ತಲೆಮಾರಿನವರಿಗೆ ಹುಟ್ಟಿದ ವರ್ಷ ಗೊತ್ತಿದ್ದದ್ದು ಮೊಲದ ವರ್ಷ, ಹುಲಿಯ ವರ್ಷ ಎಂದು. ತಾರೀಖನ್ನು ಬರೆದದ್ದು ನೋಂದಣಿ ಮಾಡಿದ ಗುಮಾಸ್ತ. ಅಂದು ಅವಸರದಲ್ಲಿ ಬರೆದ ಒಂದು ಅಕ್ಷರ, ಒಂದು ಅಂಕಿ ಮೊಮ್ಮಗಳ ಅರ್ಜಿಯ ತನಕ ಹಿಂಬಾಲಿಸುತ್ತದೆ. ಪ್ರಜೆಯ ಕಾಗದದಲ್ಲಿ ಅಕ್ಷರ ತಪ್ಪಿದರೆ ಅದು ತಿದ್ದುಪಡಿಯ ವಿಷಯ. ವಿದೇಶಿಯ ಕಾಗದದಲ್ಲಿ ತಪ್ಪಿದರೆ ಸಂಶಯದ ವಿಷಯ, ಏಕೆಂದರೆ ತಾನು ಯಾರೆಂದು ರುಜುವಾತು ಮಾಡುವ ಹೊರೆಯನ್ನು ಕಾನೂನು ಅವರ ಹೆಗಲ ಮೇಲೇ ಇಟ್ಟಿದೆ.

ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲಿರುವ ಮಗನೋ ಮಗಳೋ ನಿಮಗಿದ್ದರೆ ಈ ಆತಂಕ ಹೊಸದೇನಲ್ಲ. ಅಲ್ಲಿ ಉದ್ಯೋಗದ ಆಧಾರದ ಹಸಿರು ಕಾರ್ಡುಗಳು ವರ್ಷಕ್ಕೆ ಸುಮಾರು 1,40,000. ಒಂದೇ ದೇಶದಲ್ಲಿ ಹುಟ್ಟಿದವರಿಗೆ ಅದರಲ್ಲಿ ಶೇಕಡಾ 7ರ ಮಿತಿ. ಭಾರತದಲ್ಲಿ ಹುಟ್ಟಿದವರ ಸಾಲು ದಶಕಗಳಷ್ಟು ಉದ್ದ. ಅಲ್ಲಿ ನಮ್ಮವರು ಯಾವ ನ್ಯಾಯ ಕೇಳುತ್ತಾರೋ ಅದನ್ನೇ ಇಲ್ಲಿ ನಮ್ಮ ನೆರೆಯವರು ಕೇಳುತ್ತಿದ್ದಾರೆ.

ಇಷ್ಟೆಲ್ಲದರ ನಡುವೆ ಕಾನೂನು ತಾನೇ ಕೊಟ್ಟ ಹಕ್ಕನ್ನು ಮರಳಿ ಪಡೆಯಲು ನ್ಯಾಯಾಲಯಕ್ಕೆ ಹೋದವರಿದ್ದಾರೆ. 1986ರಲ್ಲಿ ಹಿಮಾಚಲದ ಕಾಂಗ್ರಾದಲ್ಲಿ ಹುಟ್ಟಿದ ನಮ್ಗ್ಯಾಲ್ ಡೋಲ್ಕರ್ ಪಾಸ್‌ಪೋರ್ಟ್ ಕೇಳಿದರು. ಅಧಿಕಾರಿಗಳು ನಿರಾಕರಿಸಿದರು. ಐಸಿಗೆ ಅರ್ಜಿ ಹಾಕುವಾಗ ಆಕೆ ತನ್ನನ್ನು ಟಿಬೆಟನ್ ಎಂದು ಬರೆದುಕೊಂಡಿದ್ದಾರೆ ಎಂಬುದು ಸರ್ಕಾರದ ವಾದಗಳಲ್ಲಿ ಒಂದು. 2010ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಎಸ್. ಮುರಳೀಧರ್ ಆ ವಾದವನ್ನು ತಳ್ಳಿಹಾಕಿದರು. ಹುಟ್ಟಿನಿಂದ ಬಂದ ಪೌರತ್ವ ಒಂದು ಅರ್ಜಿಯ ಖಾನೆ ತುಂಬಿದ್ದರಿಂದ ಹೋಗುವುದಿಲ್ಲ ಎಂದಾಯಿತು. ಡಿ ರೇಡ್ ಪ್ರಕರಣದಲ್ಲಿ ಗೋಡೆಯಾಗಿದ್ದ ತರ್ಕಕ್ಕೆ ಇಲ್ಲಿ ಒಂದು ಬಾಗಿಲು ತೆರೆಯಿತು. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಟಿಬೆಟನ್ ಲಾಮಾ ಲಿಂಗ್ ರಿನ್‌ಪೊಚೆಯವರ ಅರ್ಜಿಯಲ್ಲಿ ಇದೇ ದಾರಿ ಹಿಡಿಯಿತು. ಅವರು 1985ರಲ್ಲಿ ಭಾರತದಲ್ಲಿ ಹುಟ್ಟಿದವರು. 2014ರ ಫೆಬ್ರುವರಿಯಲ್ಲಿ ಚುನಾವಣಾ ಆಯೋಗ 1987ರ ಜುಲೈ 1ಕ್ಕೆ ಮುಂಚೆ ಇಲ್ಲಿ ಹುಟ್ಟಿದ ಟಿಬೆಟನ್ನರನ್ನು ಮತದಾರರ ಪಟ್ಟಿಗೆ ಸೇರಿಸಲು ಹೇಳಿತು. 2016ರಲ್ಲಿ ದೆಹಲಿ ಹೈಕೋರ್ಟ್ ಮತ್ತೊಮ್ಮೆ ಸ್ಪಷ್ಟಪಡಿಸಿದ ಮೇಲೆ 2017ರಲ್ಲಿ ವಿದೇಶಾಂಗ ಸಚಿವಾಲಯ ಪಾಸ್‌ಪೋರ್ಟ್ ಕೊಡಲು ಒಪ್ಪಿತು.

ಒಪ್ಪಿದ ಕೆಲವೇ ತಿಂಗಳಲ್ಲಿ ಷರತ್ತುಗಳು ಬಂದವು. ಆರ್‌ಸಿ, ಐಸಿ ಒಪ್ಪಿಸಬೇಕು. ಟಿಬೆಟನ್ ಆಡಳಿತದ ಸೌಲಭ್ಯಗಳನ್ನು ಬಿಡಬೇಕು. ವಸಾಹತಿನಲ್ಲಿ ವಾಸಿಸಬಾರದು. ಮೊದಲನೆಯದರಲ್ಲಿ ತರ್ಕವಿದೆ, ಪ್ರಜೆಗೆ ವಿದೇಶಿಯ ಕಾಗದ ಬೇಡ. ಕೊನೆಯದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಹುಟ್ಟಿನಿಂದ ಪ್ರಜೆಯಾದವನು ಪಾಸ್‌ಪೋರ್ಟ್ ಪಡೆಯಲು ಹುಟ್ಟಿದ ಮನೆ ಬಿಡಬೇಕು, ವಯಸ್ಸಾದ ತಾಯಿಯನ್ನು ಬಿಡಬೇಕು ಎಂಬುದು ಯಾವ ನ್ಯಾಯ? ಇನ್ನೊಂದು ಕಡೆ, ಹೊರದೇಶದಿಂದ ಬರುವ ವಿದೇಶಿಯರು ಬೈಲಕುಪ್ಪೆಯಲ್ಲಿ ತಂಗಲು ಗೃಹ ಸಚಿವಾಲಯದ ವಿಶೇಷ ಪರವಾನಗಿ ಬೇಕು. ಅಮೆರಿಕದ ಪ್ರಜೆಯಾದ ಟಿಬೆಟನ್ ಮಗ ತಾಯಿಯ ಮನೆಯಲ್ಲಿ ರಾತ್ರಿ ಕಳೆಯಬೇಕಾದರೂ ಅದೇ ಪರವಾನಗಿ. ಭಾರತದ ಪ್ರಜೆಯಾದರೂ ದೂರ, ಅಮೆರಿಕದ ಪ್ರಜೆಯಾದರೂ ದೂರ.

ಹಾಗಾದರೆ ಎಲ್ಲರಿಗೂ ಪೌರತ್ವ ಕೊಟ್ಟುಬಿಟ್ಟರಾಯಿತು ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ವಿಷಯ ಅಷ್ಟು ಸರಳವಲ್ಲ. ಅರ್ಹತೆ ಇದ್ದೂ ಪೌರತ್ವ ಕೇಳದವರು ಬಹಳ ಮಂದಿ ಇದ್ದಾರೆ. ತಾವೆಲ್ಲ ಭಾರತೀಯರಾದರೆ ಟಿಬೆಟಿಗೆ ಮರಳುವ ಹಕ್ಕಿನ ಮಾತು ಯಾರ ಬಾಯಲ್ಲಿ ಉಳಿಯುತ್ತದೆ ಎಂಬುದು ಅವರ ಪ್ರಶ್ನೆ. ಆರ್‌ಸಿ ಅವರಿಗೆ ತೊಡಕೂ ಹೌದು, ತಾವು ದೇಶ ಕಳೆದುಕೊಂಡವರು ಎಂಬುದಕ್ಕೆ ಸಾಕ್ಷಿಯೂ ಹೌದು. ಇದು ಪ್ರತಿಯೊಬ್ಬರ ಸ್ವಂತ ತೀರ್ಮಾನ ಎಂಬುದು ಟಿಬೆಟನ್ ಆಡಳಿತದ ನಿಲುವು, ಅದು ಸರಿ ಎಂದು ನನ್ನ ನಂಬಿಕೆ. ನಾನು ಕೇಳುತ್ತಿರುವುದು ಬೇರೆ: ಪ್ರಜೆಯಾಗದೆಯೂ ಭಯವಿಲ್ಲದೆ ಬದುಕುವ ಒಂದು ಕಾನೂನುಬದ್ಧ ಸ್ಥಾನ.

ಇದನ್ನು ನಮ್ಮ ರಾಜ್ಯದ ಅನುಭವದಿಂದಲೇ ವಿವರಿಸುತ್ತೇನೆ. ಹಳೆಯ ಗೇಣಿದಾರರನ್ನು ನೆನೆಯಿರಿ. ಒಳ್ಳೆಯ ಧಣಿಯ ಕೆಳಗೆ ತಲೆಮಾರುಗಟ್ಟಲೆ ನೆಮ್ಮದಿಯಾಗಿ ಉತ್ತವರಿದ್ದರು. ಧಣಿ ಒಳ್ಳೆಯವನೇ, ಆದರೆ ಕೈಯಲ್ಲಿ ಚೀಟಿಯಿರಲಿಲ್ಲ. ಧಣಿಯ ಮನಸ್ಸೋ ಮಗನ ಮನಸ್ಸೋ ಬದಲಾದರೆ ಉತ್ತವನಿಗೆ ಹೇಳಿಕೊಳ್ಳಲು ಏನೂ ಇರಲಿಲ್ಲ. ದೇವರಾಜ ಅರಸರ ಸರ್ಕಾರ 1974ರ ಮಾರ್ಚ್ 1ರಿಂದ ಜಾರಿಗೆ ತಂದ ಭೂಸುಧಾರಣಾ ತಿದ್ದುಪಡಿ ಬದಲಾಯಿಸಿದ್ದು ಇದನ್ನೇ. ಗೇಣಿದಾರ ನಮೂನೆ 7ರಲ್ಲಿ ಡಿಕ್ಲರೇಷನ್ ಹಾಕಿ ಭೂನ್ಯಾಯ ಮಂಡಳಿಯ ಮುಂದೆ ನಿಂತಾಗ ಕೇಳಿದ್ದು ಉಪಕಾರವನ್ನಲ್ಲ, ಹಕ್ಕನ್ನು. ಅರಸರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಅದೇ ತಾಲ್ಲೂಕಿನ ಗುರುಪುರದಲ್ಲಿ, ಅದೇ ಕಾಲದಲ್ಲಿ ಟಿಬೆಟನ್ ವಸಾಹತು ಏಳುತ್ತಿತ್ತು. ಬೇಲಿಯ ಈಚೆಯ ರೈತನಿಗೆ ಹಕ್ಕುಪತ್ರ ಬಂತು. ಆಚೆಯ ರೈತ ಇಂದಿಗೂ ಸರ್ಕಾರದ ಅನುಮತಿಯ ಮೇಲೆ ಉಳುತ್ತಿದ್ದಾನೆ. ಕೇಂದ್ರದ 2014ರ ಟಿಬೆಟನ್ ಪುನರ್ವಸತಿ ನೀತಿ 20 ವರ್ಷದ ಗುತ್ತಿಗೆ ಬರೆದುಕೊಡಲು ರಾಜ್ಯಗಳಿಗೆ ಹೇಳಿತು, ಸರ್ಕಾರಿ ಯೋಜನೆಗಳ ಲಾಭ ತಲುಪಿಸಲು ಹೇಳಿತು. ಒಳ್ಳೆಯ ನೀತಿ. ನೀತಿ ಮಾತ್ರ, ಶಾಸನವಲ್ಲ.

ಈಗ ಕಾನೂನು ಹೊಸದಾಗಿದೆ. 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ಅದೇ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದು, 1920, 1939, 1946 ಮತ್ತು 2000ನೆಯ ಇಸವಿಯ ನಾಲ್ಕು ಹಳೆಯ ಕಾಯ್ದೆಗಳನ್ನು ತೆಗೆದುಹಾಕಿತು. ಸರಿಯಾದ ದಾಖಲೆಯಿಲ್ಲದೆ ದೇಶ ಪ್ರವೇಶಿಸಿದರೆ ಐದು ವರ್ಷದವರೆಗೆ ಸೆರೆ, ಐದು ಲಕ್ಷ ರೂಪಾಯಿವರೆಗೆ ದಂಡ. ಅವಧಿ ಮೀರಿ ಉಳಿದರೆ ಮೂರು ವರ್ಷ, ಮೂರು ಲಕ್ಷದವರೆಗೆ. ಜೊತೆಗೇ ಹೊರಬಿದ್ದ ವಿನಾಯಿತಿ ಆದೇಶದಲ್ಲಿ 1959ರಿಂದ 2003ರ ಮೇ 30ರ ಮುಂಚಿನವರೆಗೆ ಬಂದು ನೋಂದಾಯಿಸಿಕೊಂಡ ಟಿಬೆಟನ್ನರಿಗೆ, ಆಮೇಲೆ ವಿಶೇಷ ಪ್ರವೇಶ ಪರವಾನಗಿಯೊಂದಿಗೆ ಬಂದವರಿಗೆ ರಕ್ಷಣೆಯಿದೆ. ಇದು ನೆಮ್ಮದಿಯ ಸಂಗತಿ. ಆದರೆ ಕಾಯ್ದೆಯೊಳಗೆ ಇಲ್ಲದ್ದು ಆದೇಶದೊಳಗೆ ಇದೆ. ಆದೇಶವನ್ನು ಇನ್ನೊಂದು ಆದೇಶ ತೆಗೆಯಬಲ್ಲದು, ಅದಕ್ಕೆ ಸಂಸತ್ತು ಕೂಡಬೇಕಾಗಿಲ್ಲ. ನಿರಾಶ್ರಿತ ಎಂಬ ವರ್ಗವನ್ನು ಶಾಸನದೊಳಗೇ ತರುವ ಅವಕಾಶ ಮತ್ತೊಮ್ಮೆ ಕೈಬಿಟ್ಟುಹೋಯಿತು. ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಅಧ್ಯಕ್ಷತೆಯಲ್ಲಿ 1990ರ ದಶಕದಲ್ಲೇ ಒಂದು ಮಾದರಿ ಕಾನೂನು ಸಿದ್ಧವಾಗಿತ್ತು. 2015ರಲ್ಲಿ ಶಶಿ ತರೂರ್ ಲೋಕಸಭೆಯಲ್ಲಿ ಖಾಸಗಿ ಮಸೂದೆ ತಂದರು. ಎರಡೂ ಶಾಸನವಾಗಲಿಲ್ಲ.

ದೆಹಲಿಯಲ್ಲಿ ಆಗಬೇಕಾದ್ದು ದೆಹಲಿಯಲ್ಲಿ ಆಗಲಿ, ಅದಕ್ಕಾಗಿ ಒತ್ತಾಯಿಸೋಣ. ನವೀಕರಣ ನಿರಾಕರಿಸಿದರೆ ಲಿಖಿತ ಕಾರಣ ಕೊಡಬೇಕು, ಅದರ ಮೇಲೆ ಸ್ವತಂತ್ರ ಮೇಲ್ಮನವಿ ಇರಬೇಕು, ಮೂರನೆಯ ತಲೆಮಾರಿನ ಮಕ್ಕಳಿಗೆ ಅವಧಿಯಿಲ್ಲದ ವಾಸದ ಹಕ್ಕು ಇರಬೇಕು. ಈ ಮೂರೂ ರಾಷ್ಟ್ರದ ಭದ್ರತೆಗೆ ಎಳ್ಳಷ್ಟೂ ಧಕ್ಕೆ ತರುವುದಿಲ್ಲ. ಆದರೆ ಈ ಸಭಾಂಗಣದಲ್ಲಿರುವ ವಕೀಲರು ಮತ್ತು ವಿದ್ಯಾರ್ಥಿಗಳು ಕಾಯಬೇಕಾಗಿಲ್ಲ. ಉಚಿತ ಕಾನೂನು ನೆರವಿನ ಆಶಯ ಹೇಳುವ ಸಂವಿಧಾನದ 39ಎ ವಿಧಿ ಪ್ರಜೆಗಳ ಹೆಸರೆತ್ತುತ್ತದೆ. ಆದರೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಂ ನೆರವನ್ನು ಪ್ರಜೆಗಳಿಗಷ್ಟೇ ಕಟ್ಟಿಹಾಕಿಲ್ಲ. ಮಹಿಳೆ ಮತ್ತು ಮಗು ಎಂದಷ್ಟೇ ಅದು ಹೇಳುತ್ತದೆ, ಯಾವ ದೇಶದವರು ಎಂದು ಕೇಳುವುದಿಲ್ಲ. ಅಂದರೆ ಕ್ಯಾಂಪಿನ ಪ್ರತಿಯೊಬ್ಬ ಹೆಣ್ಣುಮಗಳಿಗೂ, ಪ್ರತಿ ಮಗುವಿಗೂ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ವಕೀಲರನ್ನು ಪಡೆಯುವ ಹಕ್ಕು ಇಂದೇ ಇದೆ. ಪಿರಿಯಾಪಟ್ಟಣ, ಹುಣಸೂರು, ಮುಂಡಗೋಡು, ಕೊಳ್ಳೇಗಾಲ, ಈ ನಾಲ್ಕು ಕಡೆಗಳಲ್ಲಿ ಸಮಿತಿಗಳು ಕ್ಯಾಂಪಿನ ಸೆಟಲ್‌ಮೆಂಟ್ ಆಫೀಸಿನಲ್ಲೇ ತಿಂಗಳಿಗೊಮ್ಮೆ ಕೂತರೆ ಜನನ ಪ್ರಮಾಣಪತ್ರದ ಅಕ್ಷರ ತಿದ್ದುಪಡಿಯಿಂದ ಪಾಸ್‌ಪೋರ್ಟ್ ನಿರಾಕರಣೆಯ ರಿಟ್ ಅರ್ಜಿಯ ತನಕ ಕೆಲಸ ಶುರುವಾಗುತ್ತದೆ. ಕನ್ನಡದಲ್ಲೂ ಟಿಬೆಟನ್ ಭಾಷೆಯಲ್ಲೂ ಆರ್‌ಸಿಯ ನಿಯಮಗಳನ್ನು ತಿಳಿಸುವ ಒಂದು ಚಿಕ್ಕ ಪುಸ್ತಿಕೆಯನ್ನು ಈ ಕಾಲೇಜಿನ ಅಂತಿಮ ವರ್ಷದ ವಿದ್ಯಾರ್ಥಿಗಳು ಸಿದ್ಧಪಡಿಸಬೇಕೆಂದು ಕೇಳಿಕೊಳ್ಳುತ್ತೇನೆ. ಕರಡನ್ನು ತಿದ್ದಿಕೊಡಲು, ಕ್ಯಾಂಪಿಗೆ ನಿಮ್ಮ ಜೊತೆ ಬರಲು ನಾನು ಸಿದ್ಧನಿದ್ದೇನೆ.